ಒಂದು ಮತಪತ್ರ, ಹಲವು ತೀರ್ಪು: 1978ರ ಕ್ಯಾಲಿಫೋರ್ನಿಯಾ ಚುನಾವಣೆಯ ಮರುಓದು

ಅಮೆರಿಕದ ಇತ್ತೀಚಿನ ರಾಜಕೀಯ ಚರಿತ್ರೆಯಲ್ಲಿ 1978ರ ಕ್ಯಾಲಿಫೋರ್ನಿಯಾ ಎಂದರೆ 'ತೆರಿಗೆ ಬಂಡಾಯ' ಎಂದೇ ಪ್ರಸಿದ್ಧಿ. ಹೊವಾರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಜನರ ಸಹಿ ಸಂಗ್ರಹಿಸಿ ಮುಂದಿಟ್ಟ 13ನೇ ಪ್ರಸ್ತಾವವು ಆ ಜೂನ್ 6ರಂದು ಸುಮಾರು ಶೇ 65 ಮತ ಪಡೆದು, ಆಸ್ತಿ ತೆರಿಗೆಯನ್ನು ಸ್ವತ್ತಿನ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿತು. ಅಲ್ಲೆದ್ದ ಬಲಪಂಥೀಯ ಅಲೆಯೇ ಎರಡು ವರ್ಷಗಳ ನಂತರ ರೊನಾಲ್ಡ್ ರೇಗನ್‌ರನ್ನು ಶ್ವೇತಭವನ ಮುಟ್ಟಿಸಿತು ಎಂಬುದು ರೂಢಿಯ ವಿವರಣೆ. ಆದರೆ ಅದೇ ವರ್ಷದ ನವೆಂಬರ್ 7ರ ಸಾರ್ವತ್ರಿಕ ಚುನಾವಣೆಯ ಫಲಿತಾಂಶವನ್ನು ಸಾಲು ಸಾಲಾಗಿ ಓದಿದರೆ ಈ ಅಲೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಮತದಾರರು ಅಲ್ಲಿ ಒಂದು ಪಕ್ಷವನ್ನಾಗಲಿ ಸಿದ್ಧಾಂತವನ್ನಾಗಲಿ ಆರಿಸಲಿಲ್ಲ. ಮತಪತ್ರದ ಪ್ರತಿ ಸಾಲನ್ನೂ ಬೇರೆ ಬೇರೆ ಮೊಕದ್ದಮೆಯಂತೆ ವಿಚಾರಿಸಿ ತೀರ್ಪಿತ್ತರು ಎಂಬುದು ಈ ಲೇಖನದ ವಾದ.

ಹಾಗೆ ವಿಚಾರಿಸುವ ಏರ್ಪಾಟು ಹಳೆಯದು. ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಮುಷ್ಟಿಯಿಂದ ರಾಜ್ಯವನ್ನು ಬಿಡಿಸುತ್ತೇನೆಂದು 1910ರಲ್ಲಿ ಗೆದ್ದ ಗವರ್ನರ್ ಹೈರಮ್ ಜಾನ್ಸನ್, ಮರುವರ್ಷವೇ ಶಾಸನವನ್ನು ಪ್ರಸ್ತಾಪಿಸುವ, ತಡೆಹಿಡಿಯುವ, ಚುನಾಯಿತರನ್ನು ವಾಪಸು ಕರೆಸುವ ಅಧಿಕಾರಗಳನ್ನು ಸಂವಿಧಾನದ ತಿದ್ದುಪಡಿಯ ಮೂಲಕ ಮತದಾರರಿಗೆ ದೊರಕಿಸಿದರು. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್ ಮೊದಲಾದ ಹುದ್ದೆಗಳಿಗೂ ಅಲ್ಲಿ ಬಿಡಿಬಿಡಿಯಾಗಿಯೇ ಆಯ್ಕೆ. ಅದೇ 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಿಂತ ಉಪಚುನಾವಣೆಯಲ್ಲಿ ಚಿಕ್ಕಮಗಳೂರಿನ ಮತದಾರ ಒಂದು ಗುರುತಿನ ಮೇಲೆ ಒಂದು ಮುದ್ರೆ ಒತ್ತಿದರೆ ಮುಗಿಯಿತು. ಕ್ಯಾಲಿಫೋರ್ನಿಯಾದವರ ಮನೆಗೆ ಮತದಾನಕ್ಕೆ ಮೊದಲೇ ಸರ್ಕಾರಿ ಪುಸ್ತಿಕೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಪ್ರತಿ ಪ್ರಸ್ತಾವದ ಸಾರಾಂಶ, ಶಾಸಕಾಂಗದ ವಿಶ್ಲೇಷಕರು ಹಾಕಿದ ಖರ್ಚಿನ ಲೆಕ್ಕ, ಪರವಾದ, ಪ್ರತಿವಾದ, ಒಂದಕ್ಕೊಂದು ಕೊಟ್ಟ ಉತ್ತರ, ಕೊನೆಗೆ ಕಾನೂನಿನ ಪೂರ್ತಿ ಪಠ್ಯ. ಚುನಾವಣಾ ಸಾಹಿತ್ಯ ಎನ್ನುವುದಕ್ಕಿಂತ ಕೋರ್ಟಿನ ಕಡತ ಎಂದರೆ ಸರಿಯಾದೀತು.

ನನ್ನ ವಾದಕ್ಕೆ ಬಲವಾದ ಸಾಕ್ಷ್ಯಗಳು ಆ ಪುಸ್ತಿಕೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. 6ನೇ ಮತ್ತು 7ನೇ ಪ್ರಸ್ತಾವಗಳೆರಡರ ಹಿಂದೆಯೂ ಇದ್ದವರು ರಾಜ್ಯದ ಸೆನೆಟರ್ ಜಾನ್ ಬ್ರಿಗ್ಸ್. 6ನೆಯದು ಸಲಿಂಗಕಾಮಿಗಳನ್ನೂ ಅವರ ಪರ ಮಾತಾಡುವವರನ್ನೂ ಸರ್ಕಾರಿ ಶಾಲೆಗಳ ಕೆಲಸದಿಂದ ತೆಗೆಯಲು ಅವಕಾಶ ಕೊಡುತ್ತಿತ್ತು. 7ನೆಯದು ಮರಣದಂಡನೆಯ ವ್ಯಾಪ್ತಿ ಹಿಗ್ಗಿಸುತ್ತಿತ್ತು. ಕರ್ತೃ ಒಬ್ಬನೇ, ದಿನ ಒಂದೇ, ಮತದಾರರೂ ಅವರೇ. 7ನೆಯದು ಶೇ 71ರಷ್ಟು ಮತದಿಂದ ಗೆದ್ದಿತು, 6ನೆಯದಕ್ಕೆ ಶೇ 58ಕ್ಕೂ ಹೆಚ್ಚು ಮಂದಿ ಬೇಡವೆಂದರು. ಅಲೆಯೊಂದು ಬೀಸಿದ್ದರೆ ಎರಡೂ ತೇಲಬೇಕಿತ್ತು, ಇಲ್ಲವೇ ಎರಡೂ ಮುಳುಗಬೇಕಿತ್ತು. ಹುದ್ದೆಗಳ ಕಥೆಯೂ ಹೀಗೇ. 13ನೇ ಪ್ರಸ್ತಾವವನ್ನು ವಿರೋಧಿಸಿ, ಅದು ಗೆದ್ದ ಮೇಲೆ ಶ್ರದ್ಧೆಯಿಂದ ಜಾರಿಗೆ ತಂದ ಡೆಮಾಕ್ರಟಿಕ್ ಗವರ್ನರ್ ಜೆರ್ರಿ ಬ್ರೌನ್ ಶೇ 56 ಮತ ಪಡೆದು ಮರುಆಯ್ಕೆಯಾದರು. ಅವರ ಪಕ್ಕದ ಲೆಫ್ಟಿನೆಂಟ್ ಗವರ್ನರ್ ಕುರ್ಚಿಗೆ ಅದೇ ಜನ ರಿಪಬ್ಲಿಕನ್ ಮೈಕ್ ಕರ್ಬ್‌ರನ್ನು ಕಳಿಸಿದರು, ಅಟಾರ್ನಿ ಜನರಲ್ ಹುದ್ದೆಗೂ ರಿಪಬ್ಲಿಕನ್ ಜಾರ್ಜ್ ಡ್ಯೂಕ್ಮೇಜಿಯನ್‌ರನ್ನೇ ಆರಿಸಿದರು.

ಇದಕ್ಕೆ ಒಂದು ಆಕ್ಷೇಪವುಂಟು: ಮತದಾರರು ವಿಚಾರ ಮಾಡಿದ್ದೇನೂ ಇಲ್ಲ, ದೊಡ್ಡವರು ಹೇಳಿದಂತೆ ಕೇಳಿದರು. 6ನೆಯದರ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೊದ ಹಾರ್ವಿ ಮಿಲ್ಕ್ ಊರೂರು ತಿರುಗಿದ್ದರು ನಿಜ. ಆದರೆ ಅಧ್ಯಕ್ಷ ಕಾರ್ಟರ್, ಬ್ರೌನ್, ಕೊನೆಗೆ ರೇಗನ್ ಕೂಡ ಬೇಡವೆಂದದ್ದರಿಂದಲೇ ಅದು ಸೋತಿತು ಎನ್ನುತ್ತಾರೆ. ನಾಯಕರ ಮಾತಿಗೆ ತೂಕವಿತ್ತು, ಒಪ್ಪೋಣ. ಆದರೆ ಬ್ರೌನ್ ಮರಣದಂಡನೆಯ ಕಡು ವಿರೋಧಿ. 1977ರಲ್ಲಿ ಡ್ಯೂಕ್ಮೇಜಿಯನ್ ತಂದ ಮರಣದಂಡನೆ ಮಸೂದೆಗೆ ಅವರು ಅಂಕಿತ ಹಾಕದೆ ಹಿಂದಿರುಗಿಸಿದಾಗ ಶಾಸಕಾಂಗವೇ ಅದನ್ನು ಮೀರಿ ಕಾನೂನು ಮಾಡಬೇಕಾಯಿತು. ಬ್ರೌನ್‌ರನ್ನು ಭಾರಿ ಅಂತರದಿಂದ ಗೆಲ್ಲಿಸಿದ ಜನ ಅದೇ ದಿನ ಅವರ ನಿಲುವನ್ನು ಅದಕ್ಕಿಂತಲೂ ಭಾರಿ ಅಂತರದಿಂದ ತಳ್ಳಿಹಾಕಿದರು. ಮಾತು ಕೇಳುವವರು ಹೀಗೆ ಆರಿಸಿ ಕೇಳುವುದಿಲ್ಲ. ರೇಗನ್ ಬಳಸಿದ ತರ್ಕವನ್ನೂ ಗಮನಿಸಬೇಕು: ಕಡಿಮೆ ಅಂಕ ಬಂದ ಸಿಟ್ಟಿಗೆ ಹುಡುಗನೊಬ್ಬ ಮೇಷ್ಟ್ರ ಮೇಲೆ ಸುಳ್ಳು ದೂರು ಕೊಟ್ಟರೆ ಅವರ ಗತಿಯೇನು ಎಂಬುದು ಅವರ ಪ್ರಶ್ನೆಗಳಲ್ಲೊಂದು. ಬಲಪಂಥದ ನಾಯಕ ಕೂಡ ಮತದಾರನ ಪಕ್ಷನಿಷ್ಠೆಯನ್ನು ತಟ್ಟದೆ ಆ ಒಂದು ಕಾನೂನಿನ ದೋಷ ಎತ್ತಿ ತೋರಿಸಿದರು. ಹಣದ ವಿಷಯದಲ್ಲಿ ಮಾತ್ರ ಆಕ್ಷೇಪ ಗಟ್ಟಿ: ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿರ್ಬಂಧಿಸುವ 5ನೇ ಪ್ರಸ್ತಾವ ಸೋತದ್ದರಲ್ಲಿ ತಂಬಾಕು ಕಂಪನಿಗಳು ಸುರಿದ ದುಡ್ಡಿನ ಪಾಲನ್ನು ಅಲ್ಲಗಳೆಯಲಾಗದು.

ನನಗೆ ಇದಕ್ಕಿಂತ ಕಠಿಣವೆನಿಸುವ ಆಕ್ಷೇಪ ಬೇರೆ. ಬಿಡಿಬಿಡಿಯಾಗಿ ಕೊಟ್ಟ ತೀರ್ಪುಗಳು ಒಂದಕ್ಕೊಂದು ಹೊಂದದಿದ್ದರೆ ಹೊಣೆ ಯಾರದು? ಬ್ರೌನ್ ರಾಜ್ಯದ ಗಡಿ ದಾಟಿದಾಗಲೆಲ್ಲ ಅಧಿಕಾರ ಕರ್ಬ್ ಕೈಗೆ ಬರುತ್ತಿತ್ತು. ಕರ್ಬ್ ಮಾಡಿದ ನ್ಯಾಯಾಧೀಶರ ನೇಮಕವನ್ನು ಬ್ರೌನ್ ಮರಳಿ ಬಂದು ಹಿಂತೆಗೆದುಕೊಂಡು, ಜಗಳ 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದು ತಮಾಷೆಯ ಪ್ರಸಂಗ. ತಮಾಷೆಯಲ್ಲದ್ದು ಆ ಕೋರ್ಟಿನೊಳಗೇ ಇತ್ತು. ನವೆಂಬರಿನ ಅದೇ ಮತಪತ್ರದಲ್ಲಿ, ಬ್ರೌನ್ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮುಂದುವರಿಯಬೇಕೇ ಎಂಬ ಪ್ರಶ್ನೆಯೂ ಇತ್ತು, ಶೇ 51.7 ಮತದಾರರು ಇರಲಿ ಎಂದರು. ಹೀಗೆ ಮರಣದಂಡನೆಯ ಕಾನೂನನ್ನೂ, ಅದನ್ನು ಪರಿಶೀಲಿಸುವ ನ್ಯಾಯಮೂರ್ತಿಯನ್ನೂ ಒಂದೇ ದಿನ ಮಂಜೂರು ಮಾಡಿದಂತಾಯಿತು. ಮುಂದೆ ತಮ್ಮೆದುರು ಬಂದ ಮರಣದಂಡನೆಯ ಒಂದೊಂದು ತೀರ್ಪನ್ನೂ ರದ್ದುಪಡಿಸುವ ಪರವಾಗಿಯೇ ಬರ್ಡ್ ನಿಂತರು. ಎರಡು ಉತ್ತರಗಳಲ್ಲಿ ಯಾವುದು ಉಳಿಯಬೇಕೆಂಬುದು ಎಂಟು ವರ್ಷ ಇತ್ಯರ್ಥವಾಗದೆ ನಿಂತಿತು. 1986ರ ನವೆಂಬರಿನಲ್ಲಿ ಮತದಾರರು ಬರ್ಡ್ ಜೊತೆಗೆ ಇನ್ನಿಬ್ಬರು ನ್ಯಾಯಮೂರ್ತಿಗಳನ್ನೂ ಮನೆಗೆ ಕಳಿಸಿದರು. ಆ ಪ್ರಚಾರದ ಮುಂಚೂಣಿಯಲ್ಲಿದ್ದವರು, ಅಷ್ಟರಲ್ಲಿ ಗವರ್ನರ್ ಆಗಿದ್ದ ಡ್ಯೂಕ್ಮೇಜಿಯನ್. ಬರ್ಡ್ ತೆರವು ಮಾಡಿದ ಪೀಠಕ್ಕೆ ಮ್ಯಾಲ್ಕಮ್ ಲೂಕಸ್‌ರನ್ನು ಹೆಸರಿಸಿದವರೂ ಅವರೇ.