ಮೊಬೈಲ್‌ನಲ್ಲಿ ಪುಶ್ ಇಮೇಲ್: ದಾರಿ ತೆರೆದಿಡುವವರು ಯಾರು?

ಸರ್ವರಿಗೆ ಬಂದ ಇಮೇಲ್, ಬಳಕೆದಾರ ಕೇಳುವ ಮೊದಲೇ ಅವನ ಮೊಬೈಲಿಗೆ ತಲುಪುವ ವ್ಯವಸ್ಥೆಯನ್ನು ಪುಶ್ ಇಮೇಲ್ ಎನ್ನಲಾಗುತ್ತದೆ. ಪತ್ರವನ್ನು ಸರ್ವರೇ ಫೋನಿನತ್ತ ನೂಕುತ್ತದೆ ಎಂಬ ಭಾವನೆಯನ್ನು ಈ ಹೆಸರು ಹುಟ್ಟಿಸುತ್ತದೆಯಾದರೂ, ಅಂತರಜಾಲದ ಮೇಲೆ ನಡೆಯುವ ಪುಶ್ ವಿಧಾನಗಳ ಒಳಗನ್ನು ಪರಿಶೀಲಿಸಿದರೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ.

ಹಳೆಯ ಕ್ರಮದಲ್ಲಿ ಫೋನು ನಿಗದಿತ ಅವಧಿಗೊಮ್ಮೆ ಸರ್ವರನ್ನು ಸಂಪರ್ಕಿಸಿ ಹೊಸ ಪತ್ರವಿದೆಯೇ ಎಂದು ವಿಚಾರಿಸುತ್ತಿತ್ತು. 15 ನಿಮಿಷಕ್ಕೊಮ್ಮೆ ವಿಚಾರಿಸಿದರೆ ದಿನಕ್ಕೆ 96 ಸಲ ಕೇಳಿದಂತಾಗುತ್ತದೆ; ಹಾಗಿದ್ದೂ ಪತ್ರ ಸರಾಸರಿ ಏಳೂವರೆ ನಿಮಿಷ ತಡವಾಗಿಯೇ ಕೈಸೇರುತ್ತದೆ. ಫೋನಿನ ರೇಡಿಯೋ ಒಮ್ಮೆ ಎಚ್ಚರಗೊಂಡರೆ, ಮಾಹಿತಿ ಬಂದು ಮುಗಿದ ಮೇಲೂ ಕೆಲವು ಸೆಕೆಂಡುಗಳ ಕಾಲ ವಿದ್ಯುತ್ತನ್ನು ಹೀರುತ್ತಲೇ ಇರುವುದರಿಂದ, ಬರಿಗೈಯಲ್ಲಿ ಮರಳುವ ವಿಚಾರಣೆಗಳಿಗೂ ಬ್ಯಾಟರಿಯೇ ಬೆಲೆ ತೆರಬೇಕು.

ಹಾಗಾದರೆ ಸರ್ವರೇ ಫೋನನ್ನು ಕರೆಯಬಾರದೇಕೆ? ಅನೇಕ ಮೊಬೈಲ್ ಜಾಲಗಳಲ್ಲಿ ಬಹಳಷ್ಟು ಫೋನುಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುತ್ತವೆ. ಯಾವ ಸಂಪರ್ಕ ಯಾವ ಫೋನಿನದು ಎಂಬ ದಾಖಲೆ ಜಾಲದೊಳಗಿನ ಒಂದು ಪಟ್ಟಿಯಲ್ಲಿರುತ್ತದೆ, ಸ್ವಲ್ಪ ಕಾಲ ಮಾತುಕತೆ ನಿಂತರೆ ಆ ದಾಖಲೆ ಅಳಿದುಹೋಗುತ್ತದೆ. ಹೊರಗಿನಿಂದ ಹುಡುಕಿಕೊಂಡು ಬಂದವರಿಗೆ ಮನೆ ಸಂಖ್ಯೆಯೇ ಸಿಗದ ಸ್ಥಿತಿ ಇದು. ಆದ್ದರಿಂದ ಬಾಗಿಲನ್ನು ಒಳಗಿನಿಂದ ಫೋನೇ ತೆಗೆದು, ತೆರೆದೇ ಇಟ್ಟುಕೊಳ್ಳಬೇಕಾಗುತ್ತದೆ.

1997ರ ಜೂನ್‌ನಲ್ಲಿ ಆರ್‌ಎಫ್‌ಸಿ 2177 ಎಂಬ ದಾಖಲೆಯ ಮೂಲಕ ಸರ್ವರಿನಲ್ಲಿರುವ ಇಮೇಲನ್ನು ಓದಲು ಬಳಸುವ ಐಮ್ಯಾಪ್ ನಿಯಮಾವಳಿಗೆ ಸೇರಿದ 'ಐಡಲ್' ಆಜ್ಞೆ ಈ ಏರ್ಪಾಡಿನ ಸರಳ ಮಾದರಿಯಾಗಿದೆ. ಫೋನು 'ಐಡಲ್' ಎಂದು ಕಳುಹಿಸಿ ಸುಮ್ಮನಾಗುತ್ತದೆ; ಅಂಚೆಪೆಟ್ಟಿಗೆಯಲ್ಲಿ ನಾಲ್ಕನೆಯ ಪತ್ರ ಬಿದ್ದಾಗ ಸರ್ವರ್ '4 ಎಕ್ಸಿಸ್ಟ್ಸ್' ಎಂಬ ಒಂದು ಸಾಲನ್ನಷ್ಟೇ ರವಾನಿಸುತ್ತದೆ; ಫೋನು 'ಡನ್' ಎಂದು ಕಾಯುವಿಕೆಯನ್ನು ಮುಗಿಸಿ, ಪತ್ರವನ್ನು ತಾನೇ ತರಿಸಿಕೊಳ್ಳುತ್ತದೆ. ನೂಕಿದ್ದು ಪತ್ರವನ್ನಲ್ಲ, ಅದರ ಸುದ್ದಿಯನ್ನು. 30 ನಿಮಿಷ ಸದ್ದಿಲ್ಲದಿದ್ದರೆ ಸರ್ವರ್ ಸಂಪರ್ಕ ಕಡಿಯಬಹುದಾದ್ದರಿಂದ, 29 ನಿಮಿಷದೊಳಗೆ ಆಜ್ಞೆಯನ್ನು ಮತ್ತೆ ಕಳುಹಿಸಬೇಕೆಂದು ದಾಖಲೆ ಸಲಹೆ ನೀಡುತ್ತದೆ. ಮೈಕ್ರೋಸಾಫ್ಟ್ 2005ರಲ್ಲಿ ತನ್ನ ಎಕ್ಸ್‌ಚೇಂಜ್ ಇಮೇಲ್ ಸರ್ವರಿಗೆ ಸೇರಿಸಿದ ಡೈರೆಕ್ಟ್ ಪುಶ್ ಕೂಡ ಇದೇ ಜಾಡಿನದು: ಫೋನಿನ ಕೋರಿಕೆಗೆ ಸರ್ವರ್ ಕೂಡಲೇ ಉತ್ತರಿಸದೆ, ಪತ್ರ ಬರುವವರೆಗೆ ಅಥವಾ ಗೊತ್ತುಪಡಿಸಿದ ಅವಧಿ ತೀರುವವರೆಗೆ ಅದನ್ನು ತಡೆಹಿಡಿದುಕೊಂಡಿರುತ್ತದೆ.

ಕೆನಡಾದ ವಾಟರ್‌ಲೂ ನಗರದ ರಿಸರ್ಚ್ ಇನ್ ಮೋಶನ್ ಸಂಸ್ಥೆ ಹಿಡಿದ ದಾರಿ ಬೇರೆ. ಅದು 1999ರಲ್ಲಿ ಹೊರತಂದ ಬ್ಲ್ಯಾಕ್‌ಬೆರಿ 850 ಒಂದೇ ಒಂದು ಎಎ ಬ್ಯಾಟರಿಯಿಂದ ನಡೆಯುತ್ತಿತ್ತು. ಕಚೇರಿಯ ಸರ್ವರ್ ಮತ್ತು ಮೊಬೈಲ್ ಜಾಲಗಳ ನಡುವೆ ಸಂಸ್ಥೆ ತನ್ನದೇ ನಿರ್ವಹಣಾ ಕೇಂದ್ರವನ್ನು ನಿಲ್ಲಿಸಿತು. ಫೋನು ಎಲ್ಲಿದೆ, ಎಚ್ಚರವಾಗಿದೆಯೇ ಎಂಬುದರ ಲೆಕ್ಕ ಇಟ್ಟು, ಗೂಢಲಿಪಿಯಲ್ಲಿರುವ ಪತ್ರವನ್ನು ದಾಟಿಸುವುದು ಆ ಕೇಂದ್ರದ ಹೊಣೆಯಾಯಿತು. ಬ್ಯಾಟರಿ ಉಳಿಯಿತು, ಆದರೆ ಎಲ್ಲರ ಪತ್ರವೂ ಹಾಯಬೇಕಾದ ಒಂದು ಇಕ್ಕಟ್ಟಿನ ಗಂಡಿ ನಿರ್ಮಾಣವಾಯಿತು. ಪುಶ್ ಇಮೇಲಿನ ಚರಿತ್ರೆಯಲ್ಲಿ ಯಂತ್ರದ ಚಾತುರ್ಯಕ್ಕಿಂತ ಈ ನಡುಮನೆಯ ಒಡೆತನವೇ ಹೆಚ್ಚು ವಿಚಾರಯೋಗ್ಯ.

ಅದರ ಪರಿಣಾಮ ಭಾರತದಲ್ಲಿಯೂ ಕಾಣಿಸಿತು. ಭದ್ರತಾ ಸಂಸ್ಥೆಗಳಿಗೆ ಬ್ಲ್ಯಾಕ್‌ಬೆರಿ ಸಂದೇಶಗಳನ್ನು ಓದುವ ಅವಕಾಶ ಬೇಕೆಂದು ಕೇಂದ್ರ ಸರ್ಕಾರ 2010ರ ಆಗಸ್ಟ್ 31ರ ಗಡುವು ವಿಧಿಸಿತು. ಉದ್ಯಮಗಳ ಇಮೇಲಿನ ಕೀಲಿ ಆಯಾ ಉದ್ಯಮದ ಬಳಿಯೇ ಇರುತ್ತದೆ, ತನ್ನ ಬಳಿ ಇಲ್ಲ ಎಂಬುದು ರಿಸರ್ಚ್ ಇನ್ ಮೋಶನ್ ಸಂಸ್ಥೆಯ ವಾದವಾಗಿತ್ತು. 2011ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆಯ ಜಾಲದ ಒಂದು ಪ್ರಧಾನ ಸ್ವಿಚ್ ಕೆಟ್ಟು, ಬದಲಿ ವ್ಯವಸ್ಥೆಯೂ ಕೈಕೊಟ್ಟಾಗ, ಯುರೋಪ್, ಆಫ್ರಿಕಾ, ಭಾರತ, ಕೊನೆಗೆ ಅಮೆರಿಕದವರೆಗೂ ಸೇವೆ ಹಲವು ದಿನ ಅಸ್ತವ್ಯಸ್ತವಾಯಿತು.

2009ರಲ್ಲಿ ಆ್ಯಪಲ್, ಮರುವರ್ಷ ಗೂಗಲ್ ಎಲ್ಲ ಆ್ಯಪ್‌ಗಳಿಗೂ ಸಾಮಾನ್ಯವಾದ ಒಂದೇ ಸೂಚನಾ ಸಂಪರ್ಕವನ್ನು ಒದಗಿಸಿದವು; ಹಾಗಾಗಿ ನಡುಮನೆ ಅಳಿಯಲಿಲ್ಲ, ಒಡೆಯರಷ್ಟೇ ಬದಲಾದರು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳಿಗೆ ಆಧಾರವಾಗಿದ್ದ ಸೇವೆಗಳು 2022ರ ಜನವರಿ 4ರಂದು ನಿಂತವು. 1997ರ 'ಐಡಲ್' ಆಜ್ಞೆ ಮಾತ್ರ ಇಂದಿಗೂ ಬಳಕೆಯಲ್ಲಿದೆ.