ನಾಯಿಮರಿಗೆ ಮಧ್ಯದ ಮನೆ ಯಾಕೆ ಬೇಕಾಯ್ತು? (ಒಂದು ಸಣ್ಣ ಇತಿಹಾಸ, 4 ಕಂತು)

1/4
ಪಾಣೆಮಂಗಳೂರಿನಲ್ಲಿ ಯಾರೋ ಬಿಟ್ಟುಹೋದ ಮರಿಗಳ ಫೋಟೋ ಸ್ಟೋರಿಗೆ ಹಾಕಿದ್ರೆ ಹಾರ್ಟ್ ತುಂಬ ಬರ್ತದೆ, ಮನೆ ಮಾತ್ರ ಬರುವುದಿಲ್ಲ. ಸಾಕುವವರು ಸಿಗುವವರೆಗೆ ಹದಿನೈದು ದಿನವೋ ಎರಡು ತಿಂಗಳೋ ಒಬ್ಬರು ಇಟ್ಟುಕೊಳ್ಳಬೇಕು. ಅದೇ ಫಾಸ್ಟರಿಂಗ್. ಇದಕ್ಕೆಂತ ಇತಿಹಾಸ ಅಂತ ಕೇಳ್ಬೇಡಿ ಮಾರಾಯ್ರೆ, ಉಂಟು.

ಶುರು ಮಂಡ್ಯ ಜಿಲ್ಲೆಯ ಆತಕೂರಿನಿಂದ. ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿ ಆಮೇಲೆ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಂನಲ್ಲಿ ಉಂಟು, ನಾಯಿ-ಹಂದಿ ಕೆತ್ತನೆ ಸಮೇತ.

ಆದರೆ ಕಾಳಿಗೆ ಹೆಸರಿತ್ತು, ಯಜಮಾನ ಇದ್ದ. ಯಜಮಾನ ಇಲ್ಲದ ನಾಯಿ ದಾಖಲೆಗೆ ಬರುವುದು ಹೆಚ್ಚಾಗಿ ಕೊಲ್ಲುವ ಆದೇಶದಲ್ಲೇ.

2/4
1832ರ ಜೂನ್‌ನಲ್ಲಿ ಬ್ರಿಟಿಷರು ಬೊಂಬಾಯಿಯ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದರು, ಗಲಭೆಯೇ ಆಯ್ತು. ಅವರ ಧರ್ಮದಲ್ಲಿ ನಾಯಿ ಪವಿತ್ರ. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೆಳಗೆ, 1956ರವರೆಗೂ. ಮದ್ರಾಸ್ ನಗರದಲ್ಲಿ ಹಿಡಿದು ಕೊಲ್ಲುವುದೇ ಪದ್ಧತಿ.

ಸ್ವಾತಂತ್ರ್ಯ ಬಂದ ಮೇಲೆ ನೃತ್ಯಗಾರ್ತಿ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಮಸೂದೆ ತಂದರು, 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಯ್ತು. ತಮಾಷೆ ನೋಡಿ, ಬೀದಿನಾಯಿ ಕೊಲ್ಲುವುದಕ್ಕೆ ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇತ್ತು. ಕೊಲ್ಲುವ ಬದಲು ಸಂತಾನಹರಣ ಮಾಡಿ ಅಂತ ಮದ್ರಾಸಿನ ಬ್ಲೂ ಕ್ರಾಸ್ 1964ರಿಂದ ಹೇಳ್ತಾ ಬಂತು. ಅದು ದೇಶದ ನಿಯಮ ಆದದ್ದು 2001ರಲ್ಲಿ: ಆಪರೇಷನ್, ಲಸಿಕೆ, ಮತ್ತೆ ಹಿಡಿದ ಜಾಗಕ್ಕೇ ವಾಪಸ್.

3/4
"ನಾಯಿ ಬೇಡ" ಅಂತ ಅಜ್ಜಿ ಹೇಳಿದ್ರೆ ಸಿಟ್ಟು ಮಾಡ್ಬೇಡಿ. ಅವರ ಕಾಲದ ನಾಯಿಕಡಿತ ಬೇರೆ. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯ್ತು. ಕುರಿಯ ಮಿದುಳಿನಿಂದ ತೆಗೆದ ಹಳೆ ಲಸಿಕೆಯನ್ನು ಹೊಟ್ಟೆಗೇ ಚುಚ್ಚುತ್ತಿದ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಹಿರಿಯರು ಹೇಳುವುದು ಕಟ್ಟುಕಥೆ ಅಲ್ಲ. ಆ ಲಸಿಕೆ ನಮ್ಮಲ್ಲಿ ನಿಂತು ಬರೀ ಇಪ್ಪತ್ತು ವರ್ಷ ಆಯ್ತಷ್ಟೆ. ಈಗ ತೋಳಿಗೆ ಕೊಡುವ ಕೆಲವೇ ಡೋಸ್. ಹಾಗಂತ ಸಸಾರ ಮಾಡುವ ಹಾಗಿಲ್ಲ: ಪುಟ್ಟ ಮರಿ ಗೀರಿದರೂ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಯಾಕಂದ್ರೆ ರೇಬೀಸ್ ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ.

4/4
ಈಗ ನಮ್ಮ ಮರಿಗೆ ಬನ್ನಿ. "ಹಿಡಿದ ಜಾಗಕ್ಕೇ ವಾಪಸ್" ಅನ್ನುವುದು ಬೀದಿಯಲ್ಲೇ ಬೆಳೆದ ದೊಡ್ಡ ನಾಯಿಗೆ ಸರಿ. ತಾಯಿ ಇಲ್ಲದ ಮರಿ ಎಲ್ಲಿಗೆ ವಾಪಸ್? ಬಿ.ಸಿ. ರೋಡಿನ ಬಸ್ಸುಗಳ ಮಧ್ಯಕ್ಕಾ? ಮನೆಯಲ್ಲಿ ಬೆಳೆದು, ಮುದಿಯಾದ ಮೇಲೆ ಹೊರಬಿದ್ದ ಲ್ಯಾಬ್ರಡಾರ್ ಎಲ್ಲಿಗೆ? ('777 ಚಾರ್ಲಿ' ನೋಡಿ ಅತ್ತವರೆಲ್ಲ ಇದನ್ನು ಸ್ವಲ್ಪ ಯೋಚಿಸಿ.)

ಶೆಲ್ಟರ್ ಉಂಟಲ್ಲ ಅಂತೀರಿ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಉಂಟು, ಸರಿ. ಆದರೆ ಯಾವ ಶೆಲ್ಟರಿಗೂ ಪಾರ್ವೋ ಒಂದು ದುಃಸ್ವಪ್ನ. 1978ರ ಹೊತ್ತಿಗೆ ಲೋಕವೆಲ್ಲ ಹಬ್ಬಿದ ವೈರಸ್ ಅದು, ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆ ಪೂರ್ತಿಯಾಗದ ಮರಿಗಳನ್ನು ಹತ್ತಾರು ನಾಯಿಗಳ ಜೊತೆ ಇಟ್ಟರೆ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಲಾಗಿ ಸಾಯ್ತಾವೆ. ಹಾಗಾಗಿ ಫಾಸ್ಟರ್ ಮನೆ ಅಂದ್ರೆ ಬರೀ ಮುದ್ದು ಮಾಡುವ ಜಾಗ ಅಲ್ಲ, ಮರಿಯನ್ನು ರೋಗದಿಂದ ದೂರ ಇಡುವ ವಾರ್ಡು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಒಯ್ಯಬೇಕು, ಅದೇ ಜಾಗಕ್ಕೆ ತಂದು ಬಿಡಬಾರದು ಅಂತ ಹೇಳಿತು. ಶೆಲ್ಟರುಗಳಲ್ಲಿ ಇನ್ನೂ ಜಾಗ ಕಮ್ಮಿ ಆಗ್ತದೆ ಅಂತ ನನ್ನ ಲೆಕ್ಕ.

ರಜೆಯಲ್ಲಿ ಒಂದು ತಿಂಗಳು ಮರಿ ಇಟ್ಟುಕೊಳ್ಳಬಹುದಾದವರು ಡಿಎಂ ಮಾಡಿ. ಖಾಲಿ ಕೊಟ್ಟಿಗೆಯ ಒಂದು ಮೂಲೆ, ಒಂದು ಗೋಣಿ, ಎರಡು ಪಾತ್ರೆ ಸಾಕು. ಮನೆಯಲ್ಲಿ ಒಪ್ಪದಿದ್ದರೆ ಮೂರನೇ ಕಂತನ್ನು ಅಜ್ಜಿಗೆ ಓದಿ ಹೇಳಿ.