ಪರಿಚಯವಿಲ್ಲದ ಜ್ವರ

1779ರ ಜನವರಿಯಲ್ಲಿ ಹವಾಯಿ ದ್ವೀಪದ ಅರಸ ಕಲಾನಿಯೋಪು ತಾನು ಹೊದ್ದಿದ್ದ ಗರಿಗಳ ಉತ್ತರೀಯವನ್ನು ತೆಗೆದು ಕ್ಯಾಪ್ಟನ್ ಕುಕ್‌ನಿಗೆ ಹೊದಿಸಿದ. ಅದರ ಕೆಂಪು, 'ಈಈವಿ' ಎಂಬ ಬಾಗುಕೊಕ್ಕಿನ ಪುಟ್ಟ ಹಕ್ಕಿಯದು. ಆಗ ಅದು ಕಡಲಂಚಿನ ಕಾಡುಗಳಲ್ಲೂ ಹಾಡುತ್ತಿತ್ತು. ಇಂದು ಅದನ್ನು ಕಾಣಬೇಕಾದರೆ ಬೆಟ್ಟದ ತಂಪಿಗೆ ಏರಬೇಕು. ಗರಿಗಾಗಿ ಹಕ್ಕಿ ಹಿಡಿದವರ ಮೇಲೆ ತಪ್ಪು ಹೊರಿಸುವುದು ಸುಲಭ. ನನಗೇಕೋ ಅದಕ್ಕೆ ಮನಸ್ಸಾಗದು. ಕಾಡು ಕಡಿದದ್ದು ಒಂದು ಕಾರಣ, ನಿಜ; ಆದರೆ ಕಡಿಯದೆ ಉಳಿದ ತಗ್ಗಿನ ಕಾಡೂ ಬರಿದಾಯಿತಲ್ಲ!

ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಮೌಯಿ ದ್ವೀಪದ ಲಹೈನಾದಲ್ಲಿ ಹಡಗೊಂದರ ನಾವಿಕರು ಪೀಪಾಯಿಯ ಹಳೆಯ ನೀರನ್ನು ಚೆಲ್ಲಿದರೆಂದೂ ಅದರೊಡನೆ ಸೊಳ್ಳೆಯ ಮರಿಗಳು ಬಂದವೆಂದೂ ಪ್ರತೀತಿ. ಮುಂದೆ ವಲಸಿಗರು ತಂದು ಬಿಟ್ಟ ಪರದೇಶದ ಹಕ್ಕಿಗಳ ರಕ್ತದಲ್ಲಿ ಮಲೇರಿಯ ಬಂದಿರಬೇಕು. ಈ ಜೋಡಿ ನಮಗೆ ಹೊಸದಲ್ಲ. ನಮ್ಮ ಚರಂಡಿಗಳ ಕ್ಯೂಲೆಕ್ಸ್ ಸೊಳ್ಳೆಯೇ ಅದು. ಹಕ್ಕಿಗಳ ಮಲೇರಿಯ ಸೊಳ್ಳೆಯಿಂದ ಹರಡುತ್ತದೆಂದು 1898ರಲ್ಲಿ ರೊನಾಲ್ಡ್ ರಾಸ್ ಕಲ್ಕತ್ತೆಯಲ್ಲಿ ತೋರಿಸಿಕೊಟ್ಟದ್ದು ಇದೇ ಸೊಳ್ಳೆಯಿಂದ, ಗುಬ್ಬಚ್ಚಿಗಳ ಮೇಲೆ. (ಅದೇ ರಾಸ್ 1883ರಲ್ಲಿ ಬೆಂಗಳೂರಿನ ತನ್ನ ಬಂಗಲೆಯ ತೊಟ್ಟಿಯ ನೀರು ಚೆಲ್ಲಿ ಸೊಳ್ಳೆಯ ಕಾಟ ಕಳೆದುಕೊಂಡಿದ್ದ. ಲಹೈನಾದಲ್ಲಿ ನೀರು ಚೆಲ್ಲಿ ಆದದ್ದು ತದ್ವಿರುದ್ಧ!)

ಗುಬ್ಬಚ್ಚಿಗೆ ಮಾರಕವಾಗದ ಜ್ವರ ಈಈವಿಗೆ ಮೃತ್ಯುವಾದದ್ದೇಕೆ? ಭೂಖಂಡದ ಹಕ್ಕಿಗೂ ಪರೋಪಜೀವಿಗೂ ಯುಗಗಳ ಒಡನಾಟ. ತಾಳಿಕೊಂಡ ಹಕ್ಕಿಗಳ ಸಂತಾನವೇ ಉಳಿಯುತ್ತ ಬರುತ್ತದೆ. ಆಶ್ರಯವಿತ್ತ ಹಕ್ಕಿಯನ್ನು ಬಹುಬೇಗ ಕೊಂದರೆ ಪರೋಪಜೀವಿಗೂ ಮತ್ತೊಂದು ಮೈಗೆ ದಾಟುವ ಅವಕಾಶ ಕುಗ್ಗುತ್ತದೆ. ಈಈವಿಯ ಪೂರ್ವಿಕರಾದರೋ ಸುಮಾರು 50 ಲಕ್ಷ ವರ್ಷಗಳ ಹಿಂದೆಯೇ ಏಷ್ಯದಿಂದ ಕಡಲು ದಾಟಿದವರು. ದ್ವೀಪಗಳಲ್ಲಿ ಅವರ ಸಂತತಿ 50ಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆಯಿತು. ಈ ಜ್ವರವನ್ನು ಎದುರಿಸುವ ಪಾಠ ಮಾತ್ರ ಅದಕ್ಕೆ ದೊರೆಯಲಿಲ್ಲ. ಪ್ರಯೋಗದಲ್ಲಿ, ಸೋಂಕಿನ ಸೊಳ್ಳೆ ಒಮ್ಮೆ ಕಚ್ಚಿದರೆ ಹತ್ತರಲ್ಲಿ ಒಂಬತ್ತು ಈಈವಿ ಸತ್ತವು. ಎತ್ತರದ ಚಳಿಯಲ್ಲಿ ಪರೋಪಜೀವಿ ಬಲಿಯದು. ಅದರಿಂದಲೇ ಬೆಟ್ಟ ಆಶ್ರಯವಾಯಿತು. ಈಗ ಭೂಮಿ ಬಿಸಿಯೇರಿದಂತೆ ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ.

ಈ ನಡುವೆ ಒಂದು ವಿಚಿತ್ರ ನಡೆದಿದೆ. ಈಈವಿಯ ದಾಯಾದಿ 'ಅಮಕಿಹಿ' ಎಂಬ ಹಸಿರು-ಹಳದಿ ಹಕ್ಕಿ, ಹವಾಯಿ ದ್ವೀಪದ ಮಲೇರಿಯ ತುಂಬಿದ ತಗ್ಗುಕಾಡುಗಳಲ್ಲಿ ಮತ್ತೆ ಹೆಚ್ಚಿತು. ಅವುಗಳಲ್ಲಿ ಬಹುಪಾಲಿಗೆ ಸೋಂಕು ತಗಲಿದ್ದರೂ ಗೂಡು ಕಟ್ಟಿ ಮರಿ ಮಾಡುತ್ತಿವೆಯೆಂದು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನೂರು ವರ್ಷಗಳ ಆಸುಪಾಸಿನಲ್ಲಿ ಇಷ್ಟು! ಓದಿದಾಗ ನನಗೆ ಹಿಗ್ಗಾಯಿತು. ಆ ಹಿಗ್ಗು ಪೂರ್ತಿಯಾಗಿ ಉಳಿಯಲಿಲ್ಲ. ಬದುಕಿಕೊಂಡ ಅಮಕಿಹಿಯ ರಕ್ತದಲ್ಲಿ ಪರೋಪಜೀವಿಯೂ ಬದುಕಿರುತ್ತದೆ. ಅದನ್ನು ಹೀರಿದ ಸೊಳ್ಳೆ ಮುಂದೆ ಈಈವಿಯನ್ನೂ ಕಚ್ಚಬಹುದು.